ಬಿದ್ದ ಗೋಡೆಯನ್ನು ಮತ್ತೆ ಎಬ್ಬಿಸಲು ಬಿಡಿ: ಐಹೊಳೆಯಿಂದ ನಮ್ಮ ಸಂಸತ್ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಇವರಿಗೆ:
ಕರ್ನಾಟಕವನ್ನು ಲೋಕಸಭೆಯಲ್ಲಿ ಪ್ರತಿನಿಧಿಸುವ 28 ಹಾಗೂ ರಾಜ್ಯಸಭೆಯಲ್ಲಿ ಪ್ರತಿನಿಧಿಸುವ 12 ಮಾನ್ಯ ಸದಸ್ಯರಿಗೆ

ವಿಷಯ: ಸಂರಕ್ಷಿತ ಸ್ಮಾರಕಗಳ ಸುತ್ತಲಿನ ನಿಷೇಧಿತ ಪ್ರದೇಶದಲ್ಲಿರುವ ಹಳೆಯ ಮನೆಗಳನ್ನು ಇದ್ದ ಜಾಗದಲ್ಲೇ, ಇದ್ದ ಅಳತೆಯಲ್ಲೇ ಮತ್ತೆ ಕಟ್ಟಿಕೊಳ್ಳಲು ಕಾಯ್ದೆಯಲ್ಲಿ ಅವಕಾಶ ಕೋರಿ.

ಮಾನ್ಯರೇ,

ನಾನು ಬಾಗಲಕೋಟೆ ಜಿಲ್ಲೆಯ ಐಹೊಳೆಯವಳು. 1991ರಲ್ಲಿ ಸೊಸೆಯಾಗಿ ಈ ಊರಿಗೆ ಬಂದೆ. ಪಿಯುಸಿ ಓದಿದ್ದೆನಾದ್ದರಿಂದ ಓಣಿಯವರ ಅರ್ಜಿ, ಪತ್ರಗಳನ್ನು ಬರೆದುಕೊಡುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು. ಪಡಿತರ ಚೀಟಿ, ವಿಧವಾ ವೇತನ, ಬೆಳೆ ವಿಮೆ ಹೀಗೆ ಬರೆಯದ ಅರ್ಜಿ ಇಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಇಂದಲ್ಲ ನಾಳೆ ಒಂದು ಉತ್ತರ ಬಂದಿದೆ. ಮನೆಯ ಗೋಡೆ ರಿಪೇರಿಗೆ ಬರೆದ ಅರ್ಜಿಗಳದ್ದು ಮಾತ್ರ ಬೇರೆಯೇ ಕಥೆ. ಅದನ್ನು ನಿಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಯಾವ ಅಧಿಕಾರಿಯ ಮೇಲೂ ದೂರು ಹೇಳುವುದು ನನ್ನ ಉದ್ದೇಶವಲ್ಲ. ಅವರ ಕೈ ಕಟ್ಟಿರುವುದು ಕಾಯ್ದೆ. ಕಾಯ್ದೆಯನ್ನು ತಿದ್ದುವ ಅಧಿಕಾರ ಇರುವುದು ನಿಮಗೆ, ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಬಂದದ್ದು ನಿಮಗೆ ನೆನಪಿರಬಹುದು. ಪಟ್ಟದಕಲ್ಲಿನ ಗುಡಿಗಳೊಳಗೆ ನೀರು ನಿಂತ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲಿ ಬಂದವು. ನಮ್ಮ ಊರಲ್ಲಿ ಹೊಳೆಯ ದಂಡೆಯ ಗುಡಿಗಳೂ ನೀರಲ್ಲಿ ನಿಂತಿದ್ದವು. ನಮ್ಮ ಓಣಿಗೆ ಹೊಳೆ ಬರಲಿಲ್ಲ. ಆದರೆ ಬಿಡದೆ ಸುರಿದ ಮಳೆ ಬಂತು. ಮಣ್ಣಿನ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಸದ್ದು ಗೊತ್ತು. ಗೋಡೆ ಬೀಳುವ ಮೊದಲು ಒಳಗಿನಿಂದ ಸಣ್ಣಗೆ ಮಣ್ಣು ಉದುರುವ ಸದ್ದು ಬರುತ್ತದೆ, ಮೊರದಲ್ಲಿ ಜೋಳ ಕೇರಿದ ಹಾಗೆ. ಪಕ್ಕದ ಮನೆಯ ಆಯಿ ಆ ಸದ್ದು ಕೇಳಿ ಎದ್ದು ಕೂತು, ಮೊಮ್ಮಗನನ್ನು ಎಬ್ಬಿಸಿಕೊಂಡು ಅಂಗಳಕ್ಕೆ ಬಂದರು. ಅವರು ಹೊಸ್ತಿಲು ದಾಟಿದ ಮೇಲೆ ಹಿಂದಿನ ಗೋಡೆ ಕುಸಿಯಿತು. ಬೆಳಗಾಗುವುದರೊಳಗೆ ತೊಲೆ, ಜಂತಿ, ಮೇಲಿನ ಮಣ್ಣು ಎಲ್ಲವೂ ನಡುಮನೆಗೆ ಇಳಿದಿದ್ದವು. ಜೀವ ಉಳಿಯಿತು, ಮನೆ ಹೋಯಿತು.

ಆ ವರ್ಷ ನೆರೆ, ಮಳೆಯಲ್ಲಿ ಮನೆ ಪೂರ್ತಿ ಕಳೆದುಕೊಂಡವರಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆಯಿಯ ಅರ್ಜಿ ಬರೆದವಳು ನಾನೇ. ಹೆಸರು ಪಟ್ಟಿಯಲ್ಲಿ ಬಂದಾಗ ಇಡೀ ಓಣಿಯೇ ಸಂತೋಷಪಟ್ಟಿತು. ಆದರೆ ಆ ಹಣ ಕಂತುಗಳಲ್ಲಿ ಬರುವಂಥದ್ದು. ತಳಪಾಯ ಹಾಕಬೇಕು, ಅದರ ಫೋಟೊ ತೆಗೆಸಬೇಕು, ಆಮೇಲೆ ಮುಂದಿನ ಕಂತು. ತಳಪಾಯಕ್ಕೆಂದು ಗೌಂಡಿ ದಾರ ಕಟ್ಟಿದ ಮರುದಿನವೇ ಒಂದು ಕಚೇರಿಯಿಂದ ಬಂದವರು ಕೆಲಸ ನಿಲ್ಲಿಸಲು ಹೇಳಿದರು. ಇದು ಸ್ಮಾರಕದಿಂದ ನೂರು ಮೀಟರಿನೊಳಗಿನ ಜಾಗ, ಇಲ್ಲಿ ಕಟ್ಟುವಂತಿಲ್ಲ, ಕಟ್ಟಿದರೆ ಎರಡು ವರ್ಷದವರೆಗೆ ಜೈಲು ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಎರಡೂ ಆಗಬಹುದು ಎಂದರು. ಅವರು ಸುಳ್ಳು ಹೇಳಲಿಲ್ಲ, ಕಾಯ್ದೆಯಲ್ಲಿ ಇರುವುದು ಅದೇ. ಸರ್ಕಾರದ ಒಂದು ಕೈ ಮನೆ ಕಟ್ಟಿಕೋ ಎಂದು ಹಣ ಕೊಟ್ಟಿತು, ಇನ್ನೊಂದು ಕೈ ಕಟ್ಟಬೇಡ ಎಂದಿತು. ಅಂದಿನಿಂದ ಆಯಿ ಇರುವುದು ಅದೇ ಜಾಗದಲ್ಲಿ ತಗಡು ಹೊದಿಸಿ, ಪಕ್ಕಕ್ಕೆ ನೀಲಿ ತಾಡಪತ್ರಿ ಇಳಿಬಿಟ್ಟ ಗುಡಿಸಲಿನಲ್ಲಿ. ಗುಡಿಯ ಕಟ್ಟೆಯ ಮೇಲೆ ನಿಂತು ನೋಡುವ ಪ್ರವಾಸಿಗರ ಕಣ್ಣಿಗೆ ಈಗ ಮೊದಲು ಬೀಳುವುದು ಆ ತಗಡು. ಅಲ್ಲಿ ಮೊದಲು ಕೆಂಪು ಕಲ್ಲಿನ ಗೋಡೆಯಿತ್ತು.

ಆಮೇಲೆ ನಾನು ಕಾಯ್ದೆಯನ್ನು ತರಿಸಿಕೊಂಡು ಓದಿದೆ. ಗೊತ್ತಾಗದ್ದನ್ನು ಬಾಗಲಕೋಟೆಯ ಒಬ್ಬ ವಕೀಲರಿಂದ ಕೇಳಿ ತಿಳಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರ ಮಾರ್ಚ್‌ನಲ್ಲಿ ದೊಡ್ಡ ತಿದ್ದುಪಡಿ ಆಯಿತು. ಸಂರಕ್ಷಿತ ಜಾಗದ ಗಡಿಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಅಳತೆ 1992ರ ಜೂನ್ 16ರ ಅಧಿಸೂಚನೆಯಿಂದಲೇ ಇತ್ತು. 2010ರಲ್ಲಿ ಅದನ್ನು ಕಾಯ್ದೆಯೊಳಗೇ ಸೇರಿಸಿ ಬಿಗಿ ಮಾಡಿದರು.

ಈ ಕಾಯ್ದೆ ಮೂರು ಮಾತುಗಳನ್ನು ಬೇರೆ ಬೇರೆ ಮಾಡಿ ಹೇಳುತ್ತದೆ. ನಿಮ್ಮಲ್ಲಿ ಪ್ರತಿಯೊಬ್ಬರೂ ದಯವಿಟ್ಟು ಆ ಮೂರನ್ನು ಒಮ್ಮೆ ಓದಬೇಕು. ಮೊದಲನೆಯದು ನಿರ್ಮಾಣ, ಅಂದರೆ ಹೊಸದಾಗಿ ಕಟ್ಟುವುದು, ಮೇಲಕ್ಕೋ ಪಕ್ಕಕ್ಕೋ ಸೇರಿಸುವುದು. ಎರಡನೆಯದು ಮರುನಿರ್ಮಾಣ. ಮೊದಲು ಇದ್ದ ಕಟ್ಟಡವನ್ನು ಅದೇ ಉದ್ದ, ಅಗಲ, ಎತ್ತರದ ಮಿತಿಯೊಳಗೆ ಮತ್ತೆ ಎಬ್ಬಿಸುವುದು. ಮೂರನೆಯದು ದುರಸ್ತಿ ಮತ್ತು ನವೀಕರಣ, ಇರುವ ಕಟ್ಟಡದಲ್ಲಿ ಮಾಡುವ ಬದಲಾವಣೆ. ನಿಯಂತ್ರಿತ ಪ್ರದೇಶದಲ್ಲಿ ಈ ಮೂರಕ್ಕೂ ಅರ್ಜಿ ಹಾಕಬಹುದು. ನಿಷೇಧಿತ ಪ್ರದೇಶದಲ್ಲಿ ಅರ್ಜಿ ಹಾಕಲು ಬಿಟ್ಟಿರುವುದು ಮೂರನೆಯದಕ್ಕೆ ಮಾತ್ರ, ಅದೂ 1992ರ ಜೂನ್ 16ಕ್ಕಿಂತ ಮೊದಲಿದ್ದ ಅಥವಾ ಆಮೇಲೆ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆಯಿಂದ ಕಟ್ಟಿದ ಮನೆಗಳಿಗೆ. ಹಾಗಾಗಿ ನೂರು ಮೀಟರಿನೊಳಗೆ ಮನೆ ನಿಂತಿರುವ ತನಕ ತೇಪೆ ಹಚ್ಚಬಹುದು. ಬಿದ್ದ ದಿನ ಆ ಜಾಗದ ಮೇಲಿನ ಬದುಕು ಮುಗಿಯಿತು.

ಸಿಮೆಂಟಿನ ಮನೆಗೆ ಈ ವಿಂಗಡಣೆ ಸರಿ ಇರಬಹುದು. ಮಣ್ಣಿನ ಮನೆಗೆ ಇದು ಹೊಂದುವುದೇ ಇಲ್ಲ. ನಮ್ಮ ಮನೆಯದನ್ನೇ ಹೇಳುತ್ತೇನೆ. ನಮ್ಮದು ಕಲ್ಲು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯದಂತೆ ಸವಳು ಮಣ್ಣಿನ ಪದರ. ಪ್ರತಿ ಬೇಸಿಗೆ ಮುಗಿಯುವ ಮುನ್ನ ಮಾಳಿಗೆ ಹತ್ತಿ ಹುಲ್ಲು ಕಿತ್ತು, ಬಿರುಕಿಗೆ ಹೊಸ ಸವಳು ಹಾಕಿ ಬಡಿಯಬೇಕು. ಗೋಡೆಯ ಬುಡಕ್ಕೆ ಮಳೆನೀರು ಸಿಡಿದು ಸಿಡಿದು ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಅದು ಸವೆಯುತ್ತದೆ. ಆಗ ಗೌಂಡಿ ಮಾಳಿಗೆಗೆ ಊರುಗೋಲು ಕೊಟ್ಟು, ಆ ಗೋಡೆಯನ್ನು ಪೂರ್ತಿ ಬಿಚ್ಚುತ್ತಾನೆ. ಕಲ್ಲು ಒಂದು ಕಡೆ, ಮಣ್ಣು ಒಂದು ಕಡೆ. ಅದೇ ಮಣ್ಣನ್ನು ನೀರು ಹಾಕಿ ನೆನೆಸಿ, ತುಳಿದು, ಕೊಳೆಸಿ, ಅದೇ ಕಲ್ಲುಗಳನ್ನು ಅದೇ ಜಾಗದಲ್ಲಿ ಕೂರಿಸಿ ಮತ್ತೆ ಎಬ್ಬಿಸುತ್ತಾನೆ. ಹೊರಗಿನಿಂದ ಒಂದು ಬುಟ್ಟಿ ಮಣ್ಣೂ ಬರುವುದಿಲ್ಲ. ಇದನ್ನು ನಮ್ಮೂರಲ್ಲಿ ಯಾರೂ ಹೊಸ ಮನೆ ಕಟ್ಟುವುದು ಎನ್ನುವುದಿಲ್ಲ, ಗೋಡೆ ಎತ್ತುವುದು ಎನ್ನುತ್ತಾರೆ. ಮಣ್ಣಿನ ಮನೆ ನೂರಾರು ವರ್ಷ ಬಾಳುವುದೇ ಹೀಗೆ, ಒಂದೊಂದು ಸಲ ಒಂದೊಂದು ಗೋಡೆ ಬಿಚ್ಚಿ ಎತ್ತಿಸಿಕೊಳ್ಳುತ್ತ.

ನಾನು ನಮ್ಮ ಪಡುವಣ ಗೋಡೆಗೆ ಅರ್ಜಿ ಹಾಕಿದಾಗ ಇದನ್ನೆಲ್ಲ ಬಿಡಿಸಿ ಬರೆದಿದ್ದೆ. ಅರ್ಜಿಯ ನಮೂನೆ ಇಂಗ್ಲಿಷಿನಲ್ಲಿತ್ತು. ಮಗಳ ಸಹಾಯದಿಂದ ತುಂಬಿದೆ. ತಿಂಗಳುಗಳ ನಂತರ ಒಬ್ಬ ಅಧಿಕಾರಿ ಕೇಳಿದ ಪ್ರಶ್ನೆ ಒಂದೇ: "ಗೋಡೆಯನ್ನು ಕೆಡವುತ್ತೀರೋ ಇಲ್ಲವೋ?" ಕೆಡವದೆ ಆಗುವುದಿಲ್ಲ ಎಂದೆ. "ಹಾಗಾದರೆ ಅದು ದುರಸ್ತಿ ಅಲ್ಲ, ಮರುನಿರ್ಮಾಣ" ಎಂದರು. ಅವರು ಒಳ್ಳೆಯ ಮನುಷ್ಯ, ಕುಡಿಯಲು ನೀರು ಕೊಟ್ಟು ಕೂರಿಸಿ ಮಾತಾಡಿದರು. "ಅಮ್ಮಾ, ಕೆಡವದೆ ಸಿಮೆಂಟ್ ಬಳಿದುಕೊಳ್ಳಿ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ" ಎಂದು ಸಲಹೆಯನ್ನೂ ಕೊಟ್ಟರು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ಹಸಿ ಹೊರಗೆ ಹೋಗಲಾರದೆ ಗೋಡೆ ಒಳಗೊಳಗೇ ಕೊಳೆಯುತ್ತದೆ ಎಂಬುದು ನಮ್ಮ ಗೌಂಡಿಗೆ ಗೊತ್ತು, ಸ್ಮಾರಕಗಳ ದುರಸ್ತಿ ಮಾಡುವವರಿಗೆ ಇನ್ನೂ ಚೆನ್ನಾಗಿ ಗೊತ್ತು. ಹಳೆಯ ಊರನ್ನು ಕಾಯಲೆಂದು ಮಾಡಿದ ಕಾಯ್ದೆ ಹಳೆಯ ರೀತಿಯಲ್ಲಿ ಗೋಡೆ ಎತ್ತುವವಳಿಗೆ ಬೇಡ ಎಂದು ಹೇಳಿ, ಸಿಮೆಂಟ್ ಬಳಿಯುವವಳಿಗೆ ದಾರಿ ಬಿಡುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಆ ಗುಡಿಗಳಿಗೂ ಇನ್ನೊಂದಿಲ್ಲ.

ಯಾಕೆ ಹಾಗೆನ್ನುತ್ತೇನೆ ಎಂದರೆ, ಐಹೊಳೆಯ ಗುಡಿಯನ್ನೂ ಮನೆಯನ್ನೂ ಬೇರೆ ಮಾಡಿ ನೋಡಲು ಆಗುವುದಿಲ್ಲ. ಲಾಡಖಾನ್ ಗುಡಿಯ ಮಾಡನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಓರೆಯಾಗಿ ಹಾಸಿದ ಅಗಲವಾದ ಕಲ್ಲು ಚಪ್ಪಡಿಗಳು, ಎರಡು ಚಪ್ಪಡಿ ಕೂಡುವ ಸಂದಿನ ಮೇಲೆ ಉದ್ದಕ್ಕೆ ಮಲಗಿಸಿದ ಸಣ್ಣ ಕಲ್ಲಿನ ಪಟ್ಟಿಗಳು. ಮರದ ಮನೆಯ ಮಾಡಿನ ಮೇಲೆ ಕಟ್ಟಿಗೆಯ ಪಟ್ಟಿ ಬಡಿದಂತೆಯೇ ಕಲ್ಲನ್ನು ಕಡೆದು ಇಟ್ಟಿದ್ದಾರೆ. ಚಾಲುಕ್ಯರ ಶಿಲ್ಪಿಗಳ ಕಣ್ಣ ಮುಂದೆ ಇದ್ದದ್ದು ಮನೆ. ಮನೆ ಕಟ್ಟುವವರಿಂದ ಕಲಿತದ್ದನ್ನೇ ಅವರು ಕಲ್ಲಿಗೆ ಇಳಿಸಿದರು. ಆ ಮನೆ ಕಟ್ಟುವ ಕೈಕೆಲಸ ಇನ್ನೂ ಬದುಕಿರುವುದು ಗುಡಿಯ ಸುತ್ತಲಿನ ಓಣಿಗಳಲ್ಲಿ. ಕಲ್ಲನ್ನು ಕಾದು, ಆ ಕಲ್ಲಿಗೆ ಪಾಠ ಹೇಳಿದ ಮನೆಯನ್ನು ಬೀಳಲು ಬಿಟ್ಟರೆ ನಾವು ಅರ್ಧವನ್ನಷ್ಟೇ ಕಾದಂತೆ.

ಹೆಸರುಗಳನ್ನೇ ನೋಡಿ. ಲಾಡಖಾನ್ ಯಾವ ದೇವರೂ ಅಲ್ಲ, ಆ ಗುಡಿಯಲ್ಲಿ ವಾಸವಾಗಿದ್ದ ಮನುಷ್ಯ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ, ಎಲ್ಲವೂ ಅಲ್ಲಿದ್ದವರ, ಪಕ್ಕದಲ್ಲಿದ್ದವರ ಹೆಸರುಗಳು. ಒಂದು ಕಾಲಕ್ಕೆ ಗುಡಿಗಳೊಳಗೇ ಒಲೆ ಉರಿದಿವೆ, ದನ ಕಟ್ಟಿದ್ದಾರೆ, ಮಕ್ಕಳು ಹುಟ್ಟಿದ್ದಾರೆ. ಅದು ಗುಡಿಗೆ ಒಳ್ಳೆಯದಾಗಿರಲಿಲ್ಲ, ಅವರು ಹೊರಬಂದದ್ದು ಸರಿಯೇ. ಆದರೆ ದೇಶದ ಪುಸ್ತಕಗಳೆಲ್ಲ ಇವತ್ತಿಗೂ ಆ ಗುಡಿಗಳನ್ನು ಕರೆಯುವುದು ನಮ್ಮ ಹಿರಿಯರ ಹೆಸರಿನಿಂದ. ಇನ್ನೂ ಹಿಂದಕ್ಕೆ ಹೋದರೆ ಇದು ಅಯ್ಯಾವೊಳೆ ಐನೂರ್ವರ ಊರು, ದಕ್ಷಿಣದ ಉದ್ದಗಲಕ್ಕೂ ವ್ಯಾಪಾರ ಮಾಡಿದ ವರ್ತಕರ ಊರು. ಮೇಗುತಿ ಗುಡ್ಡದ ಮೇಲೆ ರವಿಕೀರ್ತಿ 634ರಲ್ಲಿ ಶಾಸನ ಬರೆಸುವಾಗ ಕೆಳಗೆ ಜನ ಇದ್ದರು, ಇವತ್ತೂ ಇದ್ದಾರೆ. ಜನರಿಲ್ಲದ ಐಹೊಳೆ ಯಾವ ಕಾಲದಲ್ಲೂ ಐಹೊಳೆ ಆಗಿರಲಿಲ್ಲ.

ಈಗ ಅಳತೆಯ ಮಾತು. ಒಂದು ಸಣ್ಣ ಗುಡಿಯನ್ನು ನಡುವೆ ಇಟ್ಟು ನೂರು ಮೀಟರಿನ ವೃತ್ತ ಎಳೆದರೆ ಸುಮಾರು ಏಳೂಮುಕ್ಕಾಲು ಎಕರೆ ಆಗುತ್ತದೆ. ಮುನ್ನೂರು ಮೀಟರಿಗೆ ಸುಮಾರು 70 ಎಕರೆ. ಅದೂ ಗುಡಿಯ ಗೋಡೆಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ ಅಳೆಯಬೇಕು. ಹೊಲದ ನಡುವೆ ಒಂದೇ ಗುಡಿ ಇರುವ ಊರಿಗೆ ಇದು ದೊಡ್ಡ ಮಾತಲ್ಲ. ನೂರಕ್ಕೂ ಹೆಚ್ಚು ಗುಡಿಗಳು ಓಣಿ ಓಣಿಯಲ್ಲಿ ಹರಡಿರುವ ನಮ್ಮ ಊರಲ್ಲಿ ಒಂದು ವೃತ್ತ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ನಮ್ಮ ಮನೆ ಒಂದು ಬೇಲಿಯಿಂದ 38 ಮೀಟರ್, ಇನ್ನೊಂದರಿಂದ 71 ಮೀಟರ್. ನಾನು, ಮಗಳು ಟೇಪು ಹಿಡಿದು ಅಳೆದೆವು. ಅಧಿಕೃತವಾಗಿ ಅಳೆದು, ಇಲ್ಲಿಂದ ಇಲ್ಲಿಗೆ ಎಂದು ಕಲ್ಲು ನೆಟ್ಟು ತೋರಿಸಿದವರು ನಮ್ಮ ಓಣಿಗೆ ಇವತ್ತಿಗೂ ಬಂದಿಲ್ಲ. ಬಾದಾಮಿ, ವಿಜಯಪುರ, ಲಕ್ಕುಂಡಿ, ಶ್ರೀರಂಗಪಟ್ಟಣದಂಥ ಜನವಸತಿಯ ಊರುಗಳಲ್ಲೂ ಇದೇ ಕಾಯ್ದೆ, ಇದೇ ಅಳತೆ. ಕೇಂದ್ರದ ರಕ್ಷಣೆಯಲ್ಲಿರುವ ಐನೂರಕ್ಕೂ ಹೆಚ್ಚು ಸ್ಮಾರಕಗಳು ನಮ್ಮ ರಾಜ್ಯದಲ್ಲಿವೆ. ಹಾಗಾಗಿ ಇದು ಐಹೊಳೆಯ ಒಬ್ಬ ಹೆಂಗಸಿನ ಗೋಡೆಯ ವಿಷಯ ಮಾತ್ರ ಅಲ್ಲ, ನಿಮ್ಮಲ್ಲಿ ಬಹಳ ಮಂದಿಯ ಕ್ಷೇತ್ರದ ವಿಷಯ.

ಹೆಂಗಸಾಗಿ ಇನ್ನೊಂದನ್ನು ಹೇಳಲೇಬೇಕು. ಚರಂಡಿ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕ ನೀರು ಪೂರೈಕೆ, ವಿದ್ಯುತ್ ಇವನ್ನು ಕಾಯ್ದೆಯೇ ನಿರ್ಮಾಣದ ಅರ್ಥದಿಂದ ಹೊರಗಿಟ್ಟಿದೆ. ಅದು ಒಳ್ಳೆಯದು. ಆದರೆ ಮನೆಯ ಹಿತ್ತಲಿನಲ್ಲಿ ಮನೆಯವರಿಗಾಗಿ ಕಟ್ಟುವ ಶೌಚಾಲಯ ಆ ಪಟ್ಟಿಯಲ್ಲಿ ಇಲ್ಲ. ಪಕ್ಕಕ್ಕೆ ಸೇರಿಸಿ ಕಟ್ಟುವುದೆಲ್ಲ ನಿರ್ಮಾಣ, ನಿರ್ಮಾಣ ನಿಷೇಧ. ಮನೆಮನೆಗೆ ಶೌಚಾಲಯ ಎಂದು ಸರ್ಕಾರ ಗೋಡೆಗಳ ಮೇಲೆ ಬರೆಸಿದ ವರ್ಷಗಳಲ್ಲೇ ನಮ್ಮ ಓಣಿಯ ಹೆಣ್ಣುಮಕ್ಕಳು ಕತ್ತಲಾಗುವುದನ್ನು ಕಾಯುತ್ತಿದ್ದರು. ಆರಡಿ ಎತ್ತರದ, ಹಿತ್ತಲ ಗೋಡೆಗಿಂತ ತಗ್ಗಾದ ಒಂದು ಸಣ್ಣ ಕೋಣೆಯಿಂದ ಯಾವ ಗುಡಿಯ ಅಂದ ಕೆಡುತ್ತದೆ?

ಇನ್ನು ದಾಖಲೆ. 1992ರ ಜೂನ್ 16ಕ್ಕಿಂತ ಮೊದಲು ಮನೆ ಇತ್ತು ಎಂದು ಸಾಬೀತು ಮಾಡಬೇಕಾದವರು ಮನೆಯವರೇ. ನಾನು ಈ ಮನೆಗೆ ಸೊಸೆಯಾಗಿ ಬಂದದ್ದೇ ಅದಕ್ಕಿಂತ ಮೊದಲು, ಆಗಲೇ ಇದು ಹಳೆಯ ಮನೆ. ಆದರೆ ಮದುವೆಯ ಕರೆಯೋಲೆಯನ್ನು ಯಾರೂ ದಾಖಲೆ ಎಂದು ಒಪ್ಪುವುದಿಲ್ಲ. ಮಾವನವರು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದ ಮನೆ ಕರದ ರಸೀದಿಗಳಲ್ಲಿ ಅರ್ಧವನ್ನು ಗೆದ್ದಲು ತಿಂದಿತ್ತು. ದೇವರ ದಯೆಯಿಂದ 1987ರ ಒಂದು ರಸೀದಿ ಉಳಿದಿತ್ತು, ನಾವು ಅರ್ಜಿಯನ್ನಾದರೂ ಹಾಕಿದೆವು. ಮನೆಯ ಜೊತೆ ಪೆಟ್ಟಿಗೆಯನ್ನೂ ಕಳೆದುಕೊಂಡವರು ಏನು ತೋರಿಸಬೇಕು? ಆಯಿಯ ಮನೆಯ ಕಾಗದಗಳು ಒದ್ದೆ ಮಣ್ಣಿನ ಕೆಳಗೆ ಮುದ್ದೆಯಾಗಿ ಸಿಕ್ಕವು, ಬಿಸಿಲಿಗೆ ಹರಡಿದರೂ ಒಂದಕ್ಷರ ಓದಲು ಬರಲಿಲ್ಲ.

ಕಾಲದ ಮಾತೂ ಇದೆ. ಅರ್ಜಿ ತಲುಪಿದ 15 ದಿನದೊಳಗೆ ಸಕ್ಷಮ ಪ್ರಾಧಿಕಾರಿ, ಅಂದರೆ ಅನುಮತಿ ಕೊಡುವ ಅಧಿಕಾರಿ, ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ಹೇಳಬೇಕು, ಆಮೇಲೆ ಒಂದು ತಿಂಗಳಲ್ಲಿ ನಮಗೆ ತಿಳಿಸಬೇಕು. ಎಲ್ಲವೂ ಹೇಳಿದಂತೆ ನಡೆದರೂ ಮೂರೂವರೆ ತಿಂಗಳು. ನಮ್ಮ ಕಡೆ ಗೋಡೆ ಎತ್ತಲು ಇರುವುದು ಯುಗಾದಿಯಿಂದ ರೋಹಿಣಿ ಮಳೆಯವರೆಗಿನ ಎರಡು ತಿಂಗಳು. ಯುಗಾದಿಗೆ ಬಿರುಕು ಕಂಡು ಅರ್ಜಿ ಹಾಕಿದವರಿಗೆ ಉತ್ತರ ಬರುವ ಹೊತ್ತಿಗೆ ಮೃಗಶಿರಾ ಮುಗಿದು ಮಳೆಗಾಲ ನಡುವಿಗೆ ಬಂದಿರುತ್ತದೆ. ಸಕ್ಷಮ ಪ್ರಾಧಿಕಾರಿ ಪುರಾತತ್ವ ನಿರ್ದೇಶಕರ ದರ್ಜೆಗಿಂತ ಕೆಳಗಿನವರಾಗುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಹನ್ನೆರಡು ಅಡಿಯ ಅಡುಗೆಮನೆ ಗೋಡೆಗೆ ಒಬ್ಬ ನಿರ್ದೇಶಕರ ರುಜು, ಅದಕ್ಕೂ ಮೊದಲು ದೆಹಲಿಯ ಶಿಫಾರಸು. ನಿಯಂತ್ರಿತ ಪ್ರದೇಶದ ಐದು ಅಂತಸ್ತಿನ ಹೋಟೆಲಿಗೂ ಅದೇ ದಾರಿ. ಎರಡೂ ಒಂದೇ ತೂಕದ ಕೆಲಸಗಳೇ?

ಇಷ್ಟೆಲ್ಲ ಬರೆದದ್ದನ್ನು ಓದಿ, ನೂರು ಮೀಟರಿನ ನಿಯಮವನ್ನೇ ಕಿತ್ತುಹಾಕಿ ಎಂದು ನಾನು ಕೇಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಹಾಗೆ ಕೇಳುವವರೂ ಇದ್ದಾರೆ, ಅವರ ಜೊತೆ ನಾನಿಲ್ಲ. ಆ ನಿಯಮ ಇಲ್ಲದಿದ್ದರೆ ದುರ್ಗ ಗುಡಿಯ ಎದುರಿಗೇ ಗಾಜಿನ ವಸತಿಗೃಹ ಏಳುತ್ತಿತ್ತು ಎಂಬುದು ನನಗೆ ಗೊತ್ತು. ನಿಷೇಧಿತ ಪ್ರದೇಶದಲ್ಲೂ ಅನುಮತಿ ಕೊಡುತ್ತಿದ್ದ ಪದ್ಧತಿಯನ್ನು ದೆಹಲಿ ಹೈಕೋರ್ಟ್ 2009ರಲ್ಲಿ ತಪ್ಪು ಎಂದ ಮೇಲೆಯೇ ಈ ಕಾಯ್ದೆ ಇಷ್ಟು ಬಿಗಿಯಾದದ್ದು, ಅದಕ್ಕೆ ಕಾರಣ ಇತ್ತು. ಆದರೆ ಪರಂಪರೆಗೆ ದೊಡ್ಡ ಏಟು ಕೊಟ್ಟವರು ಯಾರು ಎಂದು ನೋಡಬೇಕು. ಹಂಪಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಯಲ್ಲಿತ್ತು. ಅದಕ್ಕೆ ಕಾರಣವಾದದ್ದು ಮಣ್ಣಿನ ಮನೆಗಳಲ್ಲ, ತುಂಗಭದ್ರೆಗೆ ಅಡ್ಡಲಾಗಿ ಸರ್ಕಾರವೇ ಕಟ್ಟಲು ಹೊರಟ ಸೇತುವೆಗಳು. ಅವುಗಳಲ್ಲಿ ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆಮೇಲೆ 2011ರ ಜುಲೈಯಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಸಂಸಾರಗಳ ಮನೆ, ಅಂಗಡಿಗಳನ್ನು ಕೆಡವಿದರು. ಗಟ್ಟಿಗರ ತಪ್ಪಿಗೆ ಬಿಗಿಯಾದ ನಿಯಮ ಕೊನೆಗೆ ಬಂದು ಕೂರುವುದು ಬಡವರ ಹೆಗಲ ಮೇಲೆ.

ನಿಮ್ಮ ಸದನದಲ್ಲೇ ನಡೆದದ್ದನ್ನು ನೆನಪಿಸುತ್ತೇನೆ. ನಿಷೇಧಿತ ಪ್ರದೇಶದಲ್ಲಿ ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗಳಿಗೆ ಅವಕಾಶ ಕೊಡುವ ತಿದ್ದುಪಡಿ ಮಸೂದೆಯನ್ನು 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳುಹಿಸಿತು, ಅದು ಕಾಯ್ದೆಯಾಗಲಿಲ್ಲ. ಸ್ಮಾರಕದ ಪಕ್ಕದಲ್ಲಿ ಸರ್ಕಾರದ ರಸ್ತೆ, ಸೇತುವೆಗೆ ಜಾಗ ಹುಡುಕಿದ ಆ ಮಸೂದೆಯಲ್ಲಿ ಬಿದ್ದ ಮನೆಯೊಂದಕ್ಕೆ ಜಾಗ ಇರಲಿಲ್ಲ. 2023ರಲ್ಲಿ ಸಾರಿಗೆ, ಪ್ರವಾಸೋದ್ಯಮ ಮತ್ತು ಸಂಸ್ಕೃತಿಯ ಸ್ಥಾಯಿ ಸಮಿತಿ ಈ ನೂರು, ಮುನ್ನೂರು ಮೀಟರಿನ ನಿಯಮದಿಂದ ಜನರಿಗೆ ಆಗುತ್ತಿರುವ ತೊಂದರೆಯನ್ನು ಗುರುತಿಸಿ, ಇದನ್ನು ಪುನಃ ಪರಿಶೀಲಿಸಬೇಕು ಎಂದಿತು. ಆ ಸುದ್ದಿ ಓದಿದ ದಿನ ನಾನು ಆಯಿಗೆ ಹೋಗಿ ಹೇಳಿದೆ. ಈಗ ಅವರು ನನ್ನನ್ನು ಕಂಡಾಗಲೆಲ್ಲ "ದಿಲ್ಲಿಯಿಂದ ಏನಾದರೂ ಬಂತೇನವ್ವಾ?" ಎಂದು ಕೇಳುತ್ತಾರೆ.

ಆದ್ದರಿಂದ ನಿಮ್ಮಲ್ಲಿ ಮೊದಲ ಬೇಡಿಕೆ ಇದು. ಕಾಯ್ದೆಯ 20ಸಿ ಕಲಮಿನಲ್ಲಿ, ನಿಷೇಧಿತ ಪ್ರದೇಶದ ಹಳೆಯ ಮನೆಗಳ ವಿಷಯ ಬರುವಲ್ಲಿ, ದುರಸ್ತಿ ಮತ್ತು ನವೀಕರಣದ ಜೊತೆಗೆ ಮರುನಿರ್ಮಾಣ ಎಂಬ ಒಂದು ಪದವನ್ನು ಸೇರಿಸಿ. ಅದರ ಅರ್ಥ ಕಾಯ್ದೆಯಲ್ಲಿ ಆಗಲೇ ಇದೆ: ಅದೇ ಅಗಲ, ಅದೇ ಎತ್ತರ. ಬೇಕಾದರೆ ಇನ್ನೂ ಬಿಗಿ ಮಾಡಿ. ವಾಸದ ಮನೆಗೆ ಮಾತ್ರ ಎನ್ನಿ. ಕಲ್ಲು, ಮಣ್ಣು, ಗಾರೆ, ಮರದಲ್ಲೇ ಕಟ್ಟಬೇಕು ಎನ್ನಿ. ತಳಪಾಯಕ್ಕೆ ಆಳವಾಗಿ ಅಗೆಯಕೂಡದು, ಅಗೆಯುವಾಗ ಪುರಾತತ್ವದವರು ಇರಬೇಕು ಎನ್ನಿ. ಎಲ್ಲಕ್ಕೂ ನಾವು ಒಪ್ಪುತ್ತೇವೆ. ಮನೆ ಇತ್ತು ಎಂಬುದಕ್ಕೆ ರಸೀದಿ ಇಲ್ಲದವರಿಗೆ ಗ್ರಾಮಸಭೆಯ ಪಂಚನಾಮೆಯನ್ನೂ ಸಾಕ್ಷಿಯಾಗಿ ಒಪ್ಪಿಕೊಳ್ಳಲಿ.

ಮಣ್ಣು ಬಳಿಯುವುದು, ಸವಳು ಹಾಕುವುದು, ಮುರಿದ ಜಂತಿ ಬದಲಿಸುವುದು, ಬುಡ ಸವೆದ ಗೋಡೆ ಎತ್ತುವುದು, ಹಿತ್ತಲಲ್ಲಿ ಶೌಚಾಲಯ, ಇಂಥ ಕೆಲಸಗಳಿಗೆ ದೆಹಲಿಯವರೆಗೆ ಹೋಗುವ ಅಗತ್ಯ ಇರಬಾರದು. ಜಿಲ್ಲೆಯ ಮಟ್ಟದಲ್ಲೇ ಒಬ್ಬ ಸಂರಕ್ಷಣಾ ಅಧಿಕಾರಿ ಬಂದು ನೋಡಿ, ಫೋಟೊ ತೆಗೆದು, ಹದಿನೈದು ದಿನದಲ್ಲಿ ಹೌದು ಅಥವಾ ಇಲ್ಲ ಎನ್ನಲಿ. ಅವಧಿ ಮೀರಿದರೆ ಅನುಮತಿ ಸಿಕ್ಕಂತೆ ಎಂದು ಬರೆಯಿರಿ.

ಇನ್ನೊಂದು, ಬಹಳ ದೊಡ್ಡ ಮಾತು. ಪ್ರತಿ ಸ್ಮಾರಕಕ್ಕೂ ಅದರದೇ ಆದ ಪರಂಪರೆ ಉಪವಿಧಿಗಳನ್ನು ಮಾಡಬೇಕು ಎಂದು 2010ರ ಕಾಯ್ದೆಯೇ ಹೇಳಿದೆ. ಮನೆಗಳ ಎತ್ತರ, ಮುಂಭಾಗ, ಚರಂಡಿ, ರಸ್ತೆ, ವಿದ್ಯುತ್ ಕಂಬ ಎಲ್ಲವೂ ಅದರಲ್ಲಿ ಬರಬೇಕು. ಪ್ರಾಧಿಕಾರ ಒಪ್ಪಿದ ಉಪವಿಧಿಯ ಪ್ರತಿಯನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ಅಂದರೆ ಅದು ನಿಮ್ಮ ಮೇಜಿಗೇ ಬರುತ್ತದೆ. ಕರ್ನಾಟಕದ ಎಷ್ಟು ಸ್ಮಾರಕಗಳ ಉಪವಿಧಿ ನಿಮ್ಮ ಮುಂದೆ ಬಂದಿದೆ ಎಂದು ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಿ. ಕರಡು ಕನ್ನಡದಲ್ಲಿ ಇರಲಿ, ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ, ಆಮೇಲೆ ಆಕ್ಷೇಪಣೆ ಕೇಳಲಿ. ಓದಲಾಗದ ಕಾಗದಕ್ಕೆ ಆಕ್ಷೇಪಣೆ ಬರೆಯುವುದು ಹೇಗೆ? ಗಡಿಯನ್ನು ಕಲ್ಲು ನೆಟ್ಟು ತೋರಿಸುವ ಕೆಲಸವೂ ಇದರ ಜೊತೆಗೇ ಆಗಲಿ.

ಹಣದ ವಿಷಯವನ್ನು ಮುಚ್ಚಿಡುವುದಿಲ್ಲ. ಇವತ್ತು ಒಂದು ಸಾಗವಾನಿ ತೊಲೆಯ ಬೆಲೆಗೆ ಆರ್‌ಸಿಸಿ ಛತ್ತಿನ ಅರ್ಧ ಕೆಲಸ ಆಗುತ್ತದೆ. ಹಳೆಯ ರೀತಿಯಲ್ಲೇ ಕಟ್ಟು ಎಂದು ದೇಶ ನಮಗೆ ಹೇಳುವುದಾದರೆ ಹೆಚ್ಚಾಗುವ ಖರ್ಚಿನಲ್ಲಿ ದೇಶವೂ ಪಾಲು ಕೊಡಬೇಕು. ನಮ್ಮ ಓಣಿಯಲ್ಲಿ ಮಾಳಿಗೆ ಮನೆ ಕಟ್ಟಬಲ್ಲ ಗೌಂಡಿಗಳು ಈಗ ಇಬ್ಬರೇ, ಇಬ್ಬರಿಗೂ ಅರವತ್ತು ದಾಟಿದೆ. ಅವರ ಮಕ್ಕಳು ಪುಣೆಯಲ್ಲಿ, ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ. ಊರಲ್ಲಿ ಗೋಡೆ ಎತ್ತಲು ಬಿಡದಿದ್ದರೆ ಆ ಕೆಲಸವನ್ನು ಅವರು ಕಲಿಯುವುದಾದರೂ ಯಾಕೆ?

ಊರನ್ನೇ ಸ್ಥಳಾಂತರ ಮಾಡುವ ಮಾತು ದಶಕಗಳಿಂದ ಕೇಳುತ್ತಿದ್ದೇವೆ. ಹೋಗಲು ಸಿದ್ಧರಿರುವವರು ಇದ್ದಾರೆ, ನೀರು ನುಗ್ಗುವ ಓಣಿಯವರು ಹೋಗಲೇಬೇಕು. ಅವರಿಗೆ ಜಾಗ, ಹಕ್ಕುಪತ್ರ, ಮನೆ ಎಲ್ಲವನ್ನೂ ಕೊಟ್ಟು ಗೌರವದಿಂದ ಕಳುಹಿಸಿ. ಆದರೆ ಎಂದೋ ಆಗುವ ಸ್ಥಳಾಂತರದ ಹೆಸರು ಹೇಳಿ ಇವತ್ತಿನ ಗೋಡೆಯನ್ನು ಬೀಳಲು ಬಿಡಬೇಡಿ. ಆ ಮಾತು ಶುರುವಾದಾಗ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ.

ಅನುಮತಿ ಸಿಗದೆ ಕಾದು ಕಾದು ಕೆಲವರು ರಾತ್ರಿ ಕೆಲಸ ಮಾಡಿಸಿಕೊಂಡಿದ್ದಾರೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ರಾತ್ರಿ ಕಲ್ಲು ಮಣ್ಣಿನ ಗೋಡೆ ಎಬ್ಬಿಸಲು ಬರುವುದಿಲ್ಲ, ಅದಕ್ಕೆ ಬಿಸಿಲು ಬೇಕು, ಒಂದು ವರಸೆ ಒಣಗಿದ ಮೇಲೆ ಇನ್ನೊಂದು ಇಡಬೇಕು. ರಾತ್ರಿ ಆಗುವುದು ಸಿಮೆಂಟ್ ಇಟ್ಟಿಗೆ ಮತ್ತು ತಗಡು. ನಮ್ಮ ಓಣಿಯಲ್ಲಿ ಈಚೆಗೆ ಎದ್ದ ಬೂದು ಗೋಡೆಗಳೆಲ್ಲ ಹಾಗೆ ಬಂದವು.

ಆಯಿಯ ಮನೆಯ ಬಾಗಿಲ ಚೌಕಟ್ಟು, ನಾಲ್ಕು ಕಂಬ, ಮೂರು ಬೋದಿಗೆಗಳು ಮುರಿಯದೆ ಉಳಿದವು. ಗೌಂಡಿ ಅವುಗಳಿಗೆ ಸುಣ್ಣದಿಂದ ಒಂದು, ಎರಡು ಎಂದು ಗುರುತು ಹಾಕಿ ನಮ್ಮ ಹಿತ್ತಲಲ್ಲಿ ಒಟ್ಟಿದ್ದಾನೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸುತ್ತೇನೆ, ಬೇಸಿಗೆಯಲ್ಲಿ ತೆಗೆದು ಗೆದ್ದಲಿಗೆ ಬೇವಿನೆಣ್ಣೆ ಬಳಿಯುತ್ತೇನೆ. ಬಿದ್ದ ಗೋಡೆಯ ಕಲ್ಲುಗಳೂ ಅಲ್ಲೇ ಇವೆ. ಹಳೆಯ ತಳಪಾಯ ನೆಲದಲ್ಲಿ ಇನ್ನೂ ಕಾಣುತ್ತದೆ: ಉದ್ದ 31 ಅಡಿ, ಅಗಲ 18 ಅಡಿ. ನಿಮ್ಮಲ್ಲಿ ಯಾರಾದರೂ ಬರುವುದಾದರೆ ರೋಹಿಣಿ ಮಳೆಗೆ ಮೊದಲು ಬನ್ನಿ. ಟೇಪಿನ ಒಂದು ತುದಿಯನ್ನು ನಾನು ಹಿಡಿಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಐಹೊಳೆಯ ಒಬ್ಬ ಗೃಹಿಣಿ